ಅಜ್ಜಿಯ ಟಿಕೆಟ್ಟು

ಕಳೆದ ತಿಂಗಳು ನಮ್ಮ ಸಭೆಯ ಹುಡುಗಿಯೊಬ್ಬಳು ಗಂಡನ ಜೊತೆ ಮನೆಗೆ ಬಂದಿದ್ದಳು. ಬಗಲಲ್ಲಿ ಹತ್ತು ತಿಂಗಳ ಕೂಸು, ಹಿಂದೆ ಅತ್ತೆ. ಹೊರದೇಶದ ಮಿಷನ್ ಕೆಲಸಕ್ಕೆ ಹೊರಟ ಜೋಡಿ. ಕೈಯಲ್ಲಿ ಸಾಮಾನಿನ ಪಟ್ಟಿ. "ಕುಕ್ಕರ್ ಒಯ್ಯಬೇಕೇನ್ರಿ ಬಾಯಾರ, ಅಲ್ಲೇ ಸಿಗ್ತದೋ?" ಎಂದಳು. ಒಯ್ಯಿರಿ, ಎರಡು ಗ್ಯಾಸ್ಕೆಟ್ ಹೆಚ್ಚಿಗೆ ಇಟ್ಟುಕೊಳ್ಳಿರಿ ಎಂದೆ. ಚಾದರ, ಔಷಧಿ, ಬ್ಯಾಂಕ್ ಖಾತೆ ಎಲ್ಲ ಆಯಿತು. ಅತ್ತೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಕೂಸಿನ ಕಾಲಿನಿಂದ ಜಾರುತ್ತಿದ್ದ ಸಾಕ್ಸನ್ನು ಮತ್ತೆ ಮತ್ತೆ ಏರಿಸುತ್ತಿದ್ದಳು. ಅವರು ಗೇಟು ದಾಟಿದ ಮೇಲೆ ನಮ್ಮ ಮನೆಯವರು ಅಂದರು: "ಆ ಹಿರೇಮನಷ್ಯಾಳು ಒಂದು ಮಾತು ಆಡಲಿಲ್ಲ, ನೋಡಿದೇನು?"

ನೋಡಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಟಗೇರಿಯವಳು. ಊರವರು ಈಗಲೂ ಜರ್ಮನ್ ಆಸ್ಪತ್ರೆ ಎನ್ನುವ ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತೆ. 1989ರ ಮಳೆಗಾಲದಲ್ಲಿ ಗಂಡ ಮತ್ತು ನಾಲ್ಕು ವರ್ಷದ ಮಗಳೊಂದಿಗೆ ನೇಪಾಳದ ತಾನ್ಸೇನ್‌ಗೆ ಹೋದೆ. ಅವರು ಲ್ಯಾಬಿನಲ್ಲಿ, ನಾನು ಹೆರಿಗೆ ವಾರ್ಡಿನಲ್ಲಿ. ಇಪ್ಪತ್ಮೂರು ವರ್ಷ ಅಲ್ಲಿದ್ದೆವು. ಮಗ ಅಲ್ಲೇ ಹುಟ್ಟಿದ. ಈಗ ಮಗಳು-ಅಳಿಯ ಟಾಂಜಾನಿಯಾದ ದೊಡೊಮಾ ಕಡೆಯ ಒಂದು ಮಿಷನ್ ಆಸ್ಪತ್ರೆಯಲ್ಲಿದ್ದಾರೆ. ನಾನು ಬೆಟಗೇರಿಯಲ್ಲಿ ಬಾಗಿಲ ಬಳಿಯ ಕುರ್ಚಿಯಲ್ಲಿದ್ದೇನೆ. ಹೀಗಾಗಿ ಎರಡೂ ಕಡೆಯ ಲೆಕ್ಕ ನನಗೆ ಗೊತ್ತು.

1. ಕರೆ ಬಂದದ್ದು ನಿಮಗೆ

ನಾವು ಹೊರಟದ್ದು ಹುಬ್ಬಳ್ಳಿಯಿಂದ ಮುಂಬೈ ಬಸ್ಸಿನಲ್ಲಿ. ಮುಂಬೈಯಿಂದ ಗೋರಖಪುರಕ್ಕೆ ರೈಲು, ಅಲ್ಲಿಂದ ಸುನೌಲಿ ಗಡಿ, ಭೈರಹವಾ, ಬುಟವಲ್, ಆಮೇಲೆ ಗುಡ್ಡದ ರಸ್ತೆ. ಬಸ್‌ಸ್ಟ್ಯಾಂಡಿಗೆ ಸಭೆಯ ಮೂವತ್ತು ಮಂದಿ ಬಂದಿದ್ದರು. ಪ್ರಾರ್ಥನೆಯಾಯಿತು, ಹಾಡಾಯಿತು. ಎಲ್ಲ ಮುಗಿದ ಮೇಲೆ ನನ್ನ ಅತ್ತೆ ನನ್ನನ್ನು ಕಂಬದ ಹಿಂದೆ ಕರೆದು ಮೆಲ್ಲಗೆ ಕೇಳಿದರು: "ದೇವರು ನಿಮ್ಮನ್ನ ಕರದಾನ, ಒಪ್ಪಿದೆ. ನನ್ನ ಮೊಮ್ಮಗಳನ್ನೂ ಕರದಾನೇನು?"

ನನಗೆ ಸಿಟ್ಟು ಬಂತು. ವಿಶ್ವಾಸ ಕಡಿಮೆ ಈಕೆಗೆ ಅಂದುಕೊಂಡೆ. ಬಸ್ಸಿನಲ್ಲಿ ಗಂಡನಿಗೆ ದೂರೂ ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿ ಕೂತರು.

ಆ ಪ್ರಶ್ನೆಗೆ ಇವತ್ತಿನವರೆಗೂ ನನ್ನ ಹತ್ತಿರ ಸರಿಯಾದ ಉತ್ತರವಿಲ್ಲ. ಗಂಡ-ಹೆಂಡತಿ ಮೊಣಕಾಲೂರಿ ಪ್ರಾರ್ಥಿಸಿ ತೀರ್ಮಾನಿಸುತ್ತಾರೆ. ಮಗುವನ್ನು ಯಾರೂ ಕೇಳುವುದಿಲ್ಲ. ಕೇಳುವ ವಯಸ್ಸೂ ಅಲ್ಲ. ಅಜ್ಜಿಗೆ ಸುದ್ದಿ ಹೇಳುತ್ತಾರೆ, ಅಷ್ಟೇ. ಅವರಿಬ್ಬರ ಪಾಲಿನದನ್ನು ನಾವು ಕಾಣಿಕೆ ತಟ್ಟೆಗೆ ಹಾಕಿ, ಕೊಟ್ಟವರು ನಾವೇ ಎಂಬಂತೆ ಹಾಡುತ್ತೇವೆ. ಇದನ್ನು ಒಪ್ಪಿಕೊಂಡೇ ಹೊರಡಿರಿ. ಅತ್ತೆ ಅತ್ತರೆ ವಚನ ಹೇಳಿ ಬಾಯಿ ಮುಚ್ಚಿಸಬೇಡಿರಿ. "ಹೌದವ್ವಾ, ನಿನಗ ಕೇಳದಽ ಒಯ್ಯಾಕತ್ತೀವಿ" ಎಂದು ಹೇಳುವಷ್ಟು ಧೈರ್ಯ ಇರಲಿ. ನಾನು ಆ ಮಾತನ್ನು ಹತ್ತು ವರ್ಷ ತಡಮಾಡಿದೆ. ಹೇಳಬೇಕೆಂದು ಬಂದಾಗ ಕೇಳುವವರು ಇರಲಿಲ್ಲ.

2. ಮಗುವಿಗೆ ಸುಳ್ಳು ಹೇಳಿ ಹೊರಡಬೇಡಿ

ಮಗಳಿಗೆ ನಾವು "ಊರಿಗೆ ಹೋಗಿ ಬರೋಣ" ಎಂದಿದ್ದೆವು. ಅವಳ ಲೆಕ್ಕದಲ್ಲಿ ಊರು ಎಂದರೆ ನನ್ನ ತವರು ನರಗುಂದ; ಎರಡು ದಿನ ಇದ್ದು ತಿರುಗಿ ಬರುವ ಜಾಗ. ತಾನ್ಸೇನ್‌ನಲ್ಲಿ ಮೂರನೆಯ ದಿನ ಬೆಳಿಗ್ಗೆ ತನ್ನ ಫ್ರಾಕುಗಳನ್ನು ಚೀಲಕ್ಕೆ ತುಂಬಿ ಬಾಗಿಲಲ್ಲಿ ನಿಂತಳು. ಮಳೆಗೆ ರಸ್ತೆಯ ಮೇಲೆ ಗುಡ್ಡ ಕುಸಿದಿದೆ, ಬಸ್ಸಿಲ್ಲ ಎಂದೆ. ಅದು ನಿಜವೇ ಆಗಿತ್ತು, ಆದರೂ ಇನ್ನೊಂದು ಸುಳ್ಳು. ರಸ್ತೆ ತೆರೆದ ದಿನ ಮತ್ತೆ ಚೀಲ ತುಂಬಿದಳು.

ಚಿಕ್ಕವರಿಗೆ ತಿಳಿಯುವುದಿಲ್ಲ ಎನ್ನುವುದು ದೊಡ್ಡವರ ಅನುಕೂಲ. ಹೊರಡುವ ಮೊದಲು ಮನೆಯೆಲ್ಲ ಸುತ್ತಾಡಿಸಿರಿ. ಬಾವಿಗೆ, ಆಡಿಗೆ, ಪಕ್ಕದ ಮನೆಯ ಮಗ್ಗಕ್ಕೆ, ಅಜ್ಜಿಯ ಹಾಸಿಗೆಗೆ "ಹೋಗಿ ಬರ್ತೀನಿ" ಹೇಳಿಸಿರಿ. ಅಳಲಿ. ಮಿಷನ್ ಕಾಂಪೌಂಡಿನಲ್ಲಿ ಬೀಳ್ಕೊಡುವುದು ಮುಗಿಯುವುದೇ ಇಲ್ಲ. ನಾರ್ವೆಯವರು ಮೂರು ವರ್ಷಕ್ಕೆ ಹೋದರು, ಸ್ಕಾಟ್ಲೆಂಡಿನವರು ಎರಡು ವರ್ಷಕ್ಕೆ. ಪ್ರತಿ ಸಲವೂ ಮಗಳ ಒಬ್ಬ ಗೆಳತಿ ಹೋದಳು. ಹತ್ತನೆಯ ವಯಸ್ಸಿಗೆ ಅವಳು ಹೊಸಬರ ಜೊತೆ ಮಾತಾಡುವುದನ್ನೇ ಬಿಟ್ಟಳು. "ಎಷ್ಟು ವರ್ಷಕ್ಕೆ ಬಂದಾರ?" ಎಂದು ಮೊದಲು ಕೇಳಿಕೊಂಡು, ಆಮೇಲೆ ಸ್ನೇಹ ಮಾಡಬೇಕೋ ಬೇಡವೋ ತೀರ್ಮಾನಿಸುತ್ತಿದ್ದಳು.

3. ಎರವಲು ಅಜ್ಜಿ ಬೇಕೇ ಬೇಕು

ಮಗ ಹುಟ್ಟಿದ್ದು 1991ರ ಡಿಸೆಂಬರಿನಲ್ಲಿ. ಬಾಣಂತನಕ್ಕೆ ಊರಿಂದ ಯಾರೂ ಬರಲಾಗಲಿಲ್ಲ. ಅತ್ತೆ ಅಂಟಿನುಂಡಿ ಮಾಡಿ, ಗೋರಖಪುರದ ಕಡೆ ಬರುವವರೊಬ್ಬರ ಕೈಯಲ್ಲಿ ಕೊಟ್ಟಿದ್ದರು. ಅದು ನನಗೆ ಮುಟ್ಟುವಷ್ಟರಲ್ಲಿ ಕೂಸು ಕವುಚಿ ಬೀಳುತ್ತಿತ್ತು. ಉಂಡಿ ಕಲ್ಲಾಗಿತ್ತು. ಒರಳಲ್ಲಿ ಕುಟ್ಟಿ ತಿಂದೆ.

ಪಕ್ಕದ ಮನೆ ಒಬ್ಬ ನೇವಾರ ಮುದುಕಿಯದು. ನೇವಾರಿ ಭಾಷೆಯಲ್ಲಿ ಅಜ್ಜಿಗೆ 'ಅಜಿ' ಎನ್ನುತ್ತಾರೆ. ನನ್ನ ಮಗಳು ಆ ಶಬ್ದ ಕೇಳಿದ ದಿನವೇ ಅವರ ಮನೆಯೊಳಗೆ ನಡೆದಳು. ನಮ್ಮ ಭಾಷೆ ಬಲ್ಲವರು ಎಂದೇ ತಿಳಿದಿದ್ದಳು. ಹೆರಿಗೆಯಾದ ಐದನೆಯ ದಿನ ಅಜಿ ಬಟ್ಟಲು ಸಾಸಿವೆ ಎಣ್ಣೆ ಕಾಸಿಕೊಂಡು ಬಂದಳು. ಅಂಗಳದ ಬಿಸಿಲಲ್ಲಿ ಗೋಣಿ ಹಾಸಿ, ಕಾಲು ಚಾಚಿ, ಮೊಣಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿ ತಿಕ್ಕತೊಡಗಿದಳು. ಕಾಲು ಚಾಚಿದ ರೀತಿ, ಹೆಬ್ಬೆರಳಿನಿಂದ ಮೂಗು ತೀಡಿದ್ದು, ಎಲ್ಲ ಥೇಟ್ ಬೆಟಗೇರಿ. ಎಣ್ಣೆಯ ವಾಸನೆ ಮಾತ್ರ ಬೇರೆ. ನನಗೆ ಜ್ವಾನೊ, ಅಂದರೆ ಅಜವಾನದ ಸಾರು ತಂದುಕೊಟ್ಟಳು. ನಾನು ಹೆರಿಗೆ ನರ್ಸು, ಬಾಣಂತಿಯರಿಗೆ ದಿನವೂ ಬುದ್ಧಿ ಹೇಳುವವಳು. ಅವತ್ತು ಸುಮ್ಮನೆ ಕೂತು ಕುಡಿದೆ.

ದಸಾಯಿ ಹಬ್ಬದಲ್ಲಿ ತೊಡಕು ಬಂತು. ನೇಪಾಳದಲ್ಲಿ ಹಿರಿಯರು ಅಕ್ಕಿ, ಮೊಸರು, ಕೆಂಪು ಬಣ್ಣ ಕಲೆಸಿ ಹಣೆಗೆ ಟೀಕಾ ಹಚ್ಚಿ, ಬಾರ್ಲಿ ಮೊಳಕೆಯನ್ನು ತಲೆಗೆ ಮುಡಿಸಿ ಹರಸುತ್ತಾರೆ. ಅಲ್ಲಿನ ಬಹಳಷ್ಟು ಕ್ರೈಸ್ತರು ಟೀಕಾ ಹಚ್ಚಿಸಿಕೊಳ್ಳುವುದಿಲ್ಲ. ಮೊದಲ ವರ್ಷ ಅಜಿ ಬೆರಳು ಮುಂದೆ ಮಾಡಿದಾಗ ನಾನು ಮಗಳ ತಲೆಯನ್ನು ಹಿಂದಕ್ಕೆ ಎಳೆದುಬಿಟ್ಟೆ. ಆಕೆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು, ಏನೂ ಅನ್ನಲಿಲ್ಲ. ಒಂದು ವಾರ ನನಗೆ ಊಟ ಸೇರಲಿಲ್ಲ. ಮರುವರ್ಷ ದಾರಿ ಹುಡುಕಿದವಳು ಆಕೆಯೇ: ತಲೆಯ ಮೇಲೆ ಬರಿಗೈ ಇಟ್ಟಳು, ಕೈಯಲ್ಲಿ ಎರಡು ರೂಪಾಯಿ ಮತ್ತು ಬಾಳೆಹಣ್ಣು ಇಟ್ಟಳು. ಧರ್ಮಶಾಸ್ತ್ರ ಓದಿದ ನಮ್ಮ ಯಾರಿಗೂ ಹೊಳೆಯದ ಪರಿಹಾರ. ಎರವಲು ಅಜ್ಜಿಯನ್ನು ಹುಡುಕಿಕೊಳ್ಳಿರಿ. ನಿಮ್ಮ ಸಭೆಯವಳೇ ಆಗಬೇಕೆಂದಿಲ್ಲ.

4. ದೂರದ ಅಜ್ಜಿಗೆ ಏನಾದರೂ ಕೆಲಸ ಕೊಡಿ

ನನ್ನ ಅತ್ತೆಗೆ ಓದು ಬರುತ್ತಿತ್ತು, ಬರಹ ಅಷ್ಟಕ್ಕಷ್ಟೇ. ಬೈಬಲ್ ಮತ್ತು ಹಾಡಿನ ಪುಸ್ತಕ ಬಿಟ್ಟರೆ ಬೇರೆ ಓದಿದವರಲ್ಲ. ಸಭಾಪಾಲಕರ ಮಗಳಿಂದ ಪತ್ರ ಬರೆಸುತ್ತಿದ್ದರು. ಅದರಲ್ಲಿ ಎಲ್ಲರ ಆರೋಗ್ಯವೂ ದೇವರ ಕೃಪೆಯಿಂದ ಚೆನ್ನಾಗಿರುತ್ತಿತ್ತು. ಮೊದಲ ವರ್ಷದ ಕೊನೆಯಲ್ಲಿ ಒಂದು ಪತ್ರದ ಅಂಚಿನಲ್ಲಿ, ಅವರದೇ ಸೊಟ್ಟ ಅಕ್ಷರದಲ್ಲಿ, ಒಂದು ಸಾಲು ಬಂತು: "ಪೋರಿಯ ಎತ್ತರ ನೂಲಿನ್ಯಾಗ ಅಳದು ಕಳಸು."

ಬೆಟಗೇರಿ ನೇಕಾರರ ಊರು. ಅಳತೆ ಎಂದರೆ ಅವರಿಗೆ ನೂಲು. ಮಗಳನ್ನು ಗೋಡೆಗೆ ನಿಲ್ಲಿಸಿ, ಹಿಮ್ಮಡಿಯಿಂದ ನೆತ್ತಿಯವರೆಗೆ ದಾರ ಹಿಡಿದು ಕತ್ತರಿಸಿ, ಮಡಚಿ ಲಕೋಟೆಯಲ್ಲಿ ಹಾಕಿದೆ. ಎರಡು ತಿಂಗಳಿಗೆ ಒಂದು ಫ್ರಾಕು ಬಂತು, ಒಂದು ಬೆರಳೂ ಹೆಚ್ಚು ಕಡಿಮೆಯಿಲ್ಲ. ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೆ ನೂಲು ಹೋಗುತ್ತಿತ್ತು, ಬಟ್ಟೆ ಬರುತ್ತಿತ್ತು. ಎರಡು ವರ್ಷ ನಾನು ಮರೆತೆ. ವಾರ್ಡಿನಲ್ಲಿ ಕೆಲಸ ಜಾಸ್ತಿ ಇತ್ತು. ಇದನ್ನು ಯಾಕೆ ಹೇಳುತ್ತೇನೆಂದರೆ, ಆ ಎರಡು ವರ್ಷಗಳೂ ಆಮೇಲೆ ನನ್ನ ಕೈಗೆ ಸಿಕ್ಕವು.

ಅತ್ತೆ ತೀರಿಕೊಂಡದ್ದು 1999ರ ಏಪ್ರಿಲಿನಲ್ಲಿ. ಫೋನು ಆಸ್ಪತ್ರೆಯ ಆಫೀಸಿಗೆ ಬಂತು. ನಾವು ಬೆಟಗೇರಿ ಮುಟ್ಟಿದ್ದು ನಾಲ್ಕು ದಿನಕ್ಕೆ; ಮಣ್ಣು ಮಾಡಿ ಮೂರು ದಿನವಾಗಿತ್ತು. ನಮ್ಮ ಮನೆಯವರು ಸಮಾಧಿಯ ಹಸಿಮಣ್ಣನ್ನು ಕೈಯಿಂದ ತಟ್ಟಿ ಸರಿಮಾಡಿ ಬಂದರು. ಟ್ರಂಕಿನಲ್ಲಿ, ಬಿಳಿ ಸೀರೆಯ ಕೆಳಗೆ, ನೂಲುಗಳ ಸಿಂಬಿ ಇತ್ತು. ಒಂದೊಂದಕ್ಕೂ ವಯಸ್ಸಿಗೆ ತಕ್ಕಷ್ಟು ಗಂಟು. ಮಗಳ ಏಳು ಮತ್ತು ಎಂಟನೆಯ ವರ್ಷದ್ದು ಇರಲಿಲ್ಲ. ಅವುಗಳ ಬದಲಿಗೆ ಎರಡು ನೂಲು ತಾವೇ ಅಂದಾಜಿನಲ್ಲಿ ಕತ್ತರಿಸಿ ಇಟ್ಟಿದ್ದರು, ಬೇರೆ ಬಣ್ಣದ್ದು.

5. ಮಕ್ಕಳನ್ನು ವರದಿಯ ಚಿತ್ರ ಮಾಡಬೇಡಿ

ರಜೆಗೆ ಊರಿಗೆ ಬಂದಾಗ ಸಭೆಯಿಂದ ಸಭೆಗೆ ಹೋಗಿ ಕೆಲಸದ ವರದಿ ಒಪ್ಪಿಸಬೇಕು. ನಮ್ಮ ಜನಕ್ಕೆ ಮಿಷನರಿ ಎಂದರೆ ಬಿಳಿ ಚರ್ಮದವರು, ದೊರೆ-ದೊರೆಸಾನಿಯರು. ಬೆಟಗೇರಿಯ ನರ್ಸು ಮಿಷನರಿ ಎಂದರೆ ನಂಬಿಕೆ ಹುಟ್ಟಿಸಲು ಏನಾದರೂ ತೋರಿಸಬೇಕಿತ್ತು. ನಾನು ಮಕ್ಕಳಿಗೆ ತಾನ್ಸೇನ್ ಇರುವ ಪಾಲ್ಪಾದ ಢಾಕಾ ಬಟ್ಟೆ ತೊಡಿಸಿ, ವೇದಿಕೆಯ ಮೇಲೆ ನಿಲ್ಲಿಸಿ, ನೇಪಾಳಿ ಹಾಡು ಹಾಡಿಸುತ್ತಿದ್ದೆ. ಕಾಣಿಕೆ ಚೆನ್ನಾಗಿ ಬರುತ್ತಿತ್ತು. 1998ರಲ್ಲಿ ಗದಗಿನ ಹತ್ತಿರದ ಒಂದು ಸಭೆಯಲ್ಲಿ, ಹದಿಮೂರು ವರ್ಷದ ಮಗಳು ಮೈಕು ಕೈಗೆ ಬಂದಾಗ, "ನಂಗ ಹಾಡಾಕ ಮನಸಿಲ್ಲ" ಎಂದು ಶುದ್ಧ ಕನ್ನಡದಲ್ಲಿ ಹೇಳಿ ಕೆಳಗಿಳಿದಳು. ಜನ ನಕ್ಕರು. ನಾನು ಹೊರಗೆ ಅವಳಿಗೆ ಕೈ ಮಾಡಿದೆ.

ಆಮೇಲೆ ಪ್ರಾರ್ಥನಾ ಪತ್ರಗಳಲ್ಲಿ ಮಕ್ಕಳ ಸುದ್ದಿ ಬರೆಯುವುದನ್ನು ನಿಲ್ಲಿಸಿದೆ. ಒಮ್ಮೆಲೇ ಅಲ್ಲ, ಮಗನ ಜ್ವರ, ಮಗಳ ಪರೀಕ್ಷೆ ಎಲ್ಲ ಇನ್ನೂ ಕೆಲವು ವರ್ಷ ಒಳಗೆ ನುಸುಳುತ್ತಿದ್ದವು.

6. ಬೋರ್ಡಿಂಗ್ ಶಾಲೆ

ಈ ವಿಷಯದಲ್ಲಿ ನನಗೆ ಸಮಾಧಾನವಿಲ್ಲ, ಆದ್ದರಿಂದ ಉದ್ದ ಬರೆಯುತ್ತೇನೆ.

ನಮ್ಮ ಸೀಮೆಗೆ ಬಾಸೆಲ್ ಮಿಷನ್ನಿನವರು ಬಂದದ್ದು ಹೇಗೆಂದು ಸಭೆಯ ವಾರ್ಷಿಕೋತ್ಸವಗಳಲ್ಲಿ ಕೇಳಿ ಕೇಳಿ ಬಾಯಿಪಾಠ ಆಗಿದೆ: 1834 ಮಂಗಳೂರು, 1837 ಧಾರವಾಡ, 1839 ಹುಬ್ಬಳ್ಳಿ, 1841 ಬೆಟಗೇರಿ. ಅವರ ಮಕ್ಕಳ ಕಥೆ ಮಾತ್ರ ಯಾರೂ ಹೇಳಲಿಲ್ಲ. ಶಾಲೆಗೆ ಹೋಗುವ ವಯಸ್ಸು ಬಂದರೆ ಕೂಸುಗಳನ್ನು ಹಡಗು ಹತ್ತಿಸಿ ಯೂರೋಪಿಗೆ ಕಳಿಸುತ್ತಿದ್ದರು. ಇದೇ ಮಿಷನ್ನಿನವರಾಗಿದ್ದ, ಮಲಯಾಳ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಅವರ ಮಗಳು ಮೇರಿ ತಲಶ್ಶೇರಿಯಲ್ಲಿ ಹುಟ್ಟಿದ್ದು 1842ರಲ್ಲಿ. ಇನ್ನೂ ಎಳೆಯ ಕೂಸಾಗಿದ್ದಾಗಲೇ ಯೂರೋಪಿನಲ್ಲಿ ಬಿಟ್ಟು ತಂದೆ-ತಾಯಿ ಕೆಲಸಕ್ಕೆ ಮರಳಿದರು. ಅವಳು ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಹೆತ್ತವರನ್ನು ಆ ವಯಸ್ಸಿನಲ್ಲಿ ಹೊಸದಾಗಿ ಪರಿಚಯ ಮಾಡಿಕೊಳ್ಳುವುದು ಹೇಗಿರುತ್ತದೋ. ಮುಂದೆ ಇದೇ ಮೇರಿಯ ಮಗ ಹರ್ಮನ್ ಹೆಸ್ಸೆ, 1946ರ ನೊಬೆಲ್ ಸಾಹಿತಿ. ಹೆಸ್ಸೆ ಹುಟ್ಟುವ ಹೊತ್ತಿಗೆ ಗುಂಡರ್ಟ್ ಜರ್ಮನಿಯ ಕಾಲ್ವ್ ಊರಿನಲ್ಲಿ ನೆಲೆಸಿದ್ದರು. ಮಗಳ ಬಾಲ್ಯದಲ್ಲಿ ಸಮುದ್ರದಾಚೆ ಇದ್ದ ಮನುಷ್ಯ ಮೊಮ್ಮಗನಿಗೆ ಕೈಗೆ ಸಿಗುವ ಅಜ್ಜನಾದ. ಆ ಮೊಮ್ಮಗ 1892ರಲ್ಲಿ ತನ್ನನ್ನು ಸೇರಿಸಿದ್ದ ವಸತಿ ಸೆಮಿನರಿಯಿಂದ ಓಡಿಹೋದ ಎನ್ನುವುದನ್ನೂ ಓದಿದ್ದೇನೆ. ಓದಿ ಪುಸ್ತಕ ಮುಚ್ಚಿಟ್ಟೆ.

ಯಾಕೆಂದರೆ ನನ್ನ ಮಗ ಓಡಿಬರಲಿಲ್ಲ. ತಾನ್ಸೇನ್‌ನಲ್ಲಿ ಮಿಷನ್ ಮಕ್ಕಳಿಗೆ ಇದ್ದದ್ದು ಸಣ್ಣ ಶಾಲೆ, ಕೆಳಗಿನ ತರಗತಿಗಳವರೆಗೆ. ಮಗಳು ಹನ್ನೆರಡಕ್ಕೆ ಭಾರತದ ಗಿರಿಧಾಮವೊಂದರ ಬೋರ್ಡಿಂಗ್ ಶಾಲೆಗೆ ಹೋದಳು. ತಾನೇ ಹಟ ಮಾಡಿ ಹೋದಳು, ಅಲ್ಲಿ ಅರಳಿದಳು. ಅವಳಿಗೆ ಒಗ್ಗಿದ್ದು ಅವನಿಗೂ ಒಗ್ಗುತ್ತದೆ ಎಂದು 2003ರಲ್ಲಿ ಮಗನನ್ನೂ ಕಳಿಸಿದೆವು. ಹನ್ನೊಂದು ವರ್ಷ. ಭಾನುವಾರ ಭಾನುವಾರ ಪತ್ರ ಬರೆಸುತ್ತಿದ್ದರು. "ನಾನು ಚೆನ್ನಾಗಿದ್ದೇನೆ. ಇಲ್ಲಿ ಚಳಿ ಇದೆ. ಊಟ ಚೆನ್ನಾಗಿದೆ." ಮೂರು ವಾಕ್ಯ, ಇಂಗ್ಲಿಷಿನಲ್ಲಿ. ಪತ್ರಗಳನ್ನು ವಾರ್ಡನ್ ಓದಿ ಲಕೋಟೆಗೆ ಹಾಕುತ್ತಿದ್ದರು ಎನ್ನುವುದು ಅವನು ಹೇಳುವವರೆಗೆ ನನಗೆ ಗೊತ್ತಿರಲಿಲ್ಲ. ಒಂದು ವರ್ಷವಿಡೀ ಅವನು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ, ಬೆಳಗಿನ ಐದಕ್ಕೆ ಎದ್ದು ಚಾದರ ತೊಳೆಯುತ್ತಿದ್ದ. ಇದನ್ನು ಹೇಳಿದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಬೆಂಗಳೂರಿನ ಒಂದು ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುತ್ತಾ. ನಾನು ನರ್ಸು. ಬೇರೆಯವರ ಮಕ್ಕಳ ಇಂಥ ಲಕ್ಷಣ ನೋಡಿ ಕಾರಣ ಹೇಳಬಲ್ಲವಳು.

ಬೋರ್ಡಿಂಗ್ ಬೇಡವೇ ಬೇಡ ಎನ್ನುವುದಿಲ್ಲ. ಈಗ ಮನೆಯಲ್ಲೇ ಆನ್‌ಲೈನ್ ಪಾಠ ಇದೆ, ಹತ್ತಿರದ ಪಟ್ಟಣದಲ್ಲಿ ಮನೆ ಮಾಡುವ ದಾರಿ ಇದೆ, ಕೆಲಸವನ್ನೇ ಎರಡು ವರ್ಷ ಬಿಡುವ ದಾರಿಯೂ ಇದೆ. ಎರಡನೆಯ ಮಗುವನ್ನು ಮೊದಲನೆಯದರ ಅಳತೆಯಲ್ಲಿ ಕತ್ತರಿಸಬೇಡಿರಿ. ತಿಂಗಳಿಗೊಮ್ಮೆ ಹೋಗಿ, ರಾತ್ರಿ ಇದ್ದು, ಬೆಳಿಗ್ಗೆ ಅದು ಏಳುವುದನ್ನು ಕಣ್ಣಾರೆ ನೋಡಲಾಗದಿದ್ದರೆ ಕಳಿಸಬೇಡಿರಿ.

7. ಹೆದರಿಕೆಯ ಬಗ್ಗೆ

2006ರ ಜನವರಿ 31ರ ರಾತ್ರಿ ಮಾವೋವಾದಿಗಳು ತಾನ್ಸೇನ್ ಮೇಲೆ ದಾಳಿ ಮಾಡಿದರು. ಪಾಲ್ಪಾ ಅರಮನೆ ಸುಟ್ಟುಹೋಯಿತು. ಮಗ ಚಳಿಗಾಲದ ರಜೆಯಲ್ಲಿ ಮನೆಯಲ್ಲಿದ್ದ, ಹದಿನಾಲ್ಕು ವರ್ಷ. ಮಂಚದ ಕೆಳಗೆ ಮೂವರೂ ಮಲಗಿದ್ದೆವು. "ದೇವರು ನೋಡಿಕೊಳ್ತಾನ, ನಿದ್ದಿ ಮಾಡು" ಎಂದೆ. ಅವನು, "ಗುಂಡು ಯಾವ ಕಡೆಯಿಂದ ಬರಾಕತ್ತಾವ, ಅಷ್ಟು ಹೇಳು ಸಾಕು" ಎಂದ. ಅವರಪ್ಪ ಹೇಳಿದರು: ಅರಮನೆ ಆ ಕಡೆ, ಆಸ್ಪತ್ರೆ ಈ ಕಡೆ, ನಡುವೆ ಕಲ್ಲಿನ ಗೋಡೆ ಇಂತಿಷ್ಟು ದಪ್ಪ. ಹುಡುಗ ನಿದ್ದೆಹೋದ.

8. ಅಪ್ಪ-ಅವ್ವ ಏನು ಮಾಡುತ್ತಾರೆ ಎಂದು ಮಗುವಿಗೆ ಗೊತ್ತಿರಲಿ

ನಾವು ಹೋದಾಗ ನೇಪಾಳದಲ್ಲಿ ಮತಾಂತರ ಅಪರಾಧ. 1990ರ ಜನಾಂದೋಲನದ ಮೊದಲು ಅದಕ್ಕಾಗಿ ಅಲ್ಲಿಯ ಸಭಾಪಾಲಕರು, ವಿಶ್ವಾಸಿಗಳು ಜೈಲು ಕಂಡಿದ್ದರು. ಈಗಿನ ಕಾನೂನೂ ಹಗುರವಲ್ಲ. 1954ರಿಂದ ಅಲ್ಲಿದ್ದ ನಮ್ಮ ಮಿಷನ್ನಿಗೂ ಸರ್ಕಾರಕ್ಕೂ ಲಿಖಿತ ಒಪ್ಪಂದ ಇತ್ತು: ಆಸ್ಪತ್ರೆ ನಡೆಸಬಹುದು, ಶಾಲೆ ನಡೆಸಬಹುದು, ಮತಪ್ರಚಾರ ಮಾಡುವಂತಿಲ್ಲ. ದೊಡ್ಡವರಿಗೆ ಇದು ನಿಯಮ. ಮಕ್ಕಳಿಗೆ ಇದು ಗೊಂದಲ: ಊರಿನ ಸಭೆಯಲ್ಲಿ ಮಿಷನರಿ ಎಂದು ಹಾರ ಹಾಕುತ್ತಾರೆ, ಇಲ್ಲಿ ಆ ಶಬ್ದವನ್ನೇ ಆಡಬೇಡ ಎನ್ನುತ್ತಾರೆ. ಒಬ್ಬ ಪೊಲೀಸನು ಮಗಳನ್ನು ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಕೇಳಿದ್ದನಂತೆ. "ರಕ್ತ ನೋಡ್ತಾರೆ, ಉಚ್ಚೆ ನೋಡ್ತಾರೆ" ಎಂದಿದ್ದಳು. ಲ್ಯಾಬಿನ ಕೆಲಸಕ್ಕೆ ಇದಕ್ಕಿಂತ ಸರಿಯಾದ ವಿವರಣೆ ಇಲ್ಲ. ಮಕ್ಕಳು ಹೇಳಲು ನಾಚಬೇಕಾದ ಅಥವಾ ಮುಚ್ಚಿಡಬೇಕಾದ ಕೆಲಸ ಮಾಡುತ್ತಿದ್ದೀರಾದರೆ, ಆ ಕೆಲಸವನ್ನೇ ಇನ್ನೊಮ್ಮೆ ನೋಡಿಕೊಳ್ಳಿರಿ.

9. ನಿಮ್ಮೂರು ಯಾವುದು ಎಂದು ಕೇಳಬೇಡಿ

1950ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ ಕುಟುಂಬಗಳನ್ನು ಅಭ್ಯಾಸ ಮಾಡಲು ಬಂದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಂ ಹೀಗೆ ಹೊರದೇಶದಲ್ಲಿ ಬೆಳೆಯುವ ಮಕ್ಕಳಿಗೆ 'ಥರ್ಡ್ ಕಲ್ಚರ್ ಕಿಡ್ಸ್' ಎಂದು ಹೆಸರಿಟ್ಟರು. ತಂದೆತಾಯಿಯ ಊರೂ ಪೂರ್ತಿ ತಮ್ಮದಲ್ಲ, ಬೆಳೆದ ಊರೂ ಪೂರ್ತಿ ತಮ್ಮದಲ್ಲ. ಮೂರನೆಯದೊಂದು ಇವರ ನಡುವೆಯೇ ಹುಟ್ಟುತ್ತದೆ. ನನ್ನ ಮಗಳಿಗೆ ಕನ್ನಡ ಉಳಿಯಿತು, ಯಾಕೆಂದರೆ ಅವಳು ನಾಲ್ಕು ವರ್ಷ ಅಜ್ಜಿಯ ಮಗ್ಗುಲಲ್ಲಿ ಮಲಗಿದ್ದಳು. ಮಗನ ಕನ್ನಡ ಅಡುಗೆಮನೆಯದು: ಉಪ್ಪು, ಖಾರ, ಸಾಕು, ಬ್ಯಾಡ. ಅಜ್ಜಿಯ ಪತ್ರ ಓದಲು ಅವನಿಗೆ ಕೊನೆಯವರೆಗೂ ಬರಲಿಲ್ಲ. ಅಲ್ಲಿಯ ಜನರ ಭಾಷೆ ಕಲಿಯಲು ನಾವು ಆರು ತಿಂಗಳು ತರಬೇತಿ ಪಡೆದೆವು. ಮಗನಿಗೆ ಕನ್ನಡ ಅಕ್ಷರ ಕಲಿಸಲು ದಿನಕ್ಕೆ ಹದಿನೈದು ನಿಮಿಷ ಸಿಗಲಿಲ್ಲ ಎನ್ನುವುದನ್ನು ಯಾರ ಮುಂದೆಯೂ ಸಮರ್ಥಿಸಲಾರೆ. ಅವನು ಈಗ ಬೆಂಗಳೂರಿನಲ್ಲಿದ್ದಾನೆ, ಸಭೆಗೆ ಹೋಗುವುದಿಲ್ಲ. ಶನಿವಾರ ಫೋನ್ ಮಾಡುತ್ತಾನೆ. ನೇಪಾಳದಲ್ಲಿ ಆರಾಧನೆ ನಡೆಯುವುದು ಶನಿವಾರ, ವಾರದ ರಜೆ ಅಂದೇ. ಆ ದಿನವನ್ನೇ ಯಾಕೆ ಆರಿಸಿಕೊಂಡಿದ್ದಾನೆ ಎಂದು ನಾನು ಕೇಳಿಲ್ಲ.

10. ಅಜ್ಜಿಯಾದ ಮೇಲೆ

ಮಗಳು ದೊಡೊಮಾದ ಮಾತೆತ್ತಿದ ದಿನ ಮೊಮ್ಮಗಳಿಗೆ ಹನ್ನೊಂದು ತಿಂಗಳು. ನನ್ನ ಬಾಯಿಗೆ ಬಂದ ಮೊದಲ ಮಾತು ಯಾವುದು ಗೊತ್ತೇ? "ದೇವರು ನನ್ನ ಮೊಮ್ಮಗಳನ್ನೂ ಕರದಾನೇನು?" ತುಟಿಯವರೆಗೆ ಬಂದದ್ದನ್ನು ನುಂಗಿದೆ. ಎದ್ದು ಒಳಗೆ ಹೋಗಿ ಟ್ರಂಕು ತೆಗೆದೆ. ನೂಲಿನ ಸಿಂಬಿ ತಂದು ಮಗಳ ಮಡಿಲಲ್ಲಿಟ್ಟೆ. ಅವಳು ಒಂದೊಂದೇ ಬಿಡಿಸಿ, ಗಂಟು ಎಣಿಸಿ, "ಈ ಎರಡು ಬ್ಯಾರೆ ಬಣ್ಣದ್ದು ಯಾಕ ಮಮ್ಮಿ?" ಎಂದಳು. ಹೇಳಿದೆ.

ಮೊದಮೊದಲು ವಿಡಿಯೊ ಕಾಲ್ ಎಂದರೆ ವಿಚಾರಣೆ ಆಗುತ್ತಿತ್ತು: ಏನು ಉಂಡಿ, ಶಾಲೆ ಹೆಂಗದ, ಅಜ್ಜಿ ನೆನಪಾಗ್ತಾಳೇನು? ಮೊಮ್ಮಗಳು ಎರಡು ನಿಮಿಷಕ್ಕೆ ಫೋನನ್ನು ಸೋಫಾದ ಮೇಲೆಸೆದು ಓಡುತ್ತಿದ್ದಳು. ನಾನು ಅವರ ಮನೆಯ ಫ್ಯಾನು ನೋಡುತ್ತಾ ಕೂರುತ್ತಿದ್ದೆ. ಈಗ ಪ್ರಶ್ನೆ ಕೇಳುವುದಿಲ್ಲ. ನಮ್ಮ ಸಂಜೆ ಆರೂವರೆ ಅವರಿಗೆ ನಾಲ್ಕು. ಫೋನನ್ನು ಡಬ್ಬಿಗೆ ಒರಗಿಸಿ ರೊಟ್ಟಿ ಬಡಿಯುತ್ತೇನೆ. ಆ ಕಡೆ ಅವಳೂ ಹಿಟ್ಟಿನ ಮುದ್ದೆ ಇಟ್ಟುಕೊಂಡು ಬಡಿಯುತ್ತಾಳೆ. ಕೆಲವು ದಿನ ಇಬ್ಬರೂ ಒಂದು ಮಾತೂ ಆಡುವುದಿಲ್ಲ, ಬರೀ ಸಪ್ಪಳ. ಹಿಟ್ಟು ಅಲ್ಲಿಯದೇ: ದೊಡೊಮಾ ನಮ್ಮ ಗದಗಿನ ಹಾಗೆ ಮಳೆ ಕಮ್ಮಿಯ ಸೀಮೆ, ಅಲ್ಲಿ ಜೋಳ ಬೆಳೆಯುತ್ತಾರೆ, 'ಮ್ತಾಮ' ಎನ್ನುತ್ತಾರೆ.

ಸ್ವಾಹಿಲಿಯಲ್ಲಿ ಅಜ್ಜಿಗೆ 'ಬೀಬಿ'. ಮೊಮ್ಮಕ್ಕಳು ನನ್ನನ್ನು ಹಾಗೇ ಕರೆಯುತ್ತಾರೆ. ರಜೆಗೆ ಬಂದಾಗ ಬೆಟಗೇರಿ ಬಜಾರಿನಲ್ಲಿ ಚಿಕ್ಕ ಮೊಮ್ಮಗ "ಬೀಬೀ!" ಎಂದು ಕೂಗಿದಾಗ ಬಟ್ಟೆ ಅಂಗಡಿಯ ಬುರ್ಖಾದ ಹೆಂಗಸರು ನಾಲ್ಕು ಮಂದಿ ತಿರುಗಿ ನೋಡಿದರು. ಅಜ್ಜಿ ಅನ್ನು ಎಂದು ತಿದ್ದಲು ಹೋಗಿ ಬಿಟ್ಟೆ. ಅವನಿಗೆ ಅಲ್ಲಿಯೂ ಒಬ್ಬ ಎರವಲು ಬೀಬಿ ಇದ್ದಾಳೆ; ನಾನು ಆಕೆಯನ್ನು ನೋಡಿದ್ದೇನೆ, ಅವನನ್ನು ಕಾಂಗಾ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ನೀರು ತರುತ್ತಿದ್ದಳು. ಹೊಟ್ಟೆಕಿಚ್ಚು ಆಯಿತು. ಆಮೇಲೆ ತಾನ್ಸೇನ್‌ನ ಅಜಿ ನೆನಪಾದಳು. ನನ್ನ ಅತ್ತೆಗೆ ಆಕೆಯ ಬಗ್ಗೆ ಬರೆದ ಪತ್ರಗಳೂ ನೆನಪಾದವು. ಎಷ್ಟು ಖುಷಿಯಿಂದ ಬರೆದಿದ್ದೆ.

ಅಲ್ಲಿಗೆ ಎರಡು ಸಲ ಹೋಗಿದ್ದೇನೆ. 2019ರಲ್ಲಿ ದಾರ್ ಎಸ್ ಸಲಾಮ್‌ನಿಂದ ಬಸ್ಸಿನಲ್ಲಿ ಇಡೀ ಹಗಲು ಕೂತು ಸೊಂಟ ಹಿಡಿಯಿತು. 2025ರಲ್ಲಿ ಹೊಸ ವಿದ್ಯುತ್ ರೈಲು ಬಂದಿತ್ತು, ನಾಲ್ಕು ಗಂಟೆಯೊಳಗೆ ಮುಟ್ಟಿದೆ. ಹೋಗುವ ಅಜ್ಜಿಯರಿಗೆ ಒಂದೇ ಸೂಚನೆ: ಮೊದಲ ವಾರ ಮಗಳ ಅಡುಗೆಮನೆಯಲ್ಲಿ ಡಬ್ಬಿ ಸರಿಪಡಿಸಬೇಡಿರಿ, "ನಮ್ಮ ಕಾಲದಾಗ ಕರೆಂಟ್ ಸೈತ ಇರಲಿಲ್ಲ" ಎನ್ನಬೇಡಿರಿ. ನಾನು ಎರಡೂ ಮಾಡಿದೆ. ಮೂರನೆಯ ದಿನ ಮಗಳು, "ಮಮ್ಮಿ, ನೀ ಇಲ್ಲಿ ಮಿಷನರಿ ಅಲ್ಲ, ಸುಮ್ನ ಕೂಡು" ಎಂದಳು.

11. ಲೆಕ್ಕದ ಪುಸ್ತಕ

ಕೊನೆಯದು ಹಣದ ಮಾತು. ನಮ್ಮ ಕಾಲದ ಬಜೆಟ್ಟಿನ ಪ್ರತಿ ಇನ್ನೂ ನನ್ನ ಬಳಿ ಇದೆ. ಊಟ, ಬಾಡಿಗೆ, ಶಾಲೆ, ವಿಮೆ, ಎರಡು ವರ್ಷಕ್ಕೊಮ್ಮೆ ನಮ್ಮ ರಜೆಯ ಪ್ರಯಾಣ. ಅತ್ತೆ ತಾನ್ಸೇನ್‌ಗೆ ಬರಲು ಒಂದು ಪೈಸೆಯೂ ಇರಲಿಲ್ಲ. ಹತ್ತು ವರ್ಷದಲ್ಲಿ ಅವರು ಒಮ್ಮೆಯೂ ಆ ಮನೆ ನೋಡಲಿಲ್ಲ. ಮೊಮ್ಮಗ ಯಾವ ಕೋಣೆಯಲ್ಲಿ ಮಲಗುತ್ತಾನೆ, ಕಿಟಕಿಯಿಂದ ಏನು ಕಾಣುತ್ತದೆ, ಗೊತ್ತಿರಲಿಲ್ಲ. ಕೇಳಿದ್ದರೆ ಕಮಿಟಿಯವರು ಕೊಡುತ್ತಿದ್ದರೋ ಏನೋ. ಕೇಳಬೇಕೆಂದು ನಮಗೇ ಹೊಳೆಯಲಿಲ್ಲ. ನನ್ನ ಎರಡು ಪ್ರಯಾಣಕ್ಕೂ ನಮ್ಮ ಮನೆಯವರ ಗ್ರಾಚ್ಯುಟಿ ಹಣ ಮುರಿಸಿದೆವು. ಎಲ್ಲ ಅಜ್ಜಿಯರಿಗೆ ಅದು ಇರುವುದಿಲ್ಲ.

ಕಳೆದ ತಿಂಗಳು ಮನೆಗೆ ಬಂದಿದ್ದ ಆ ಹುಡುಗಿ ಡಿಸೆಂಬರಿನಲ್ಲಿ ಹೊರಡುತ್ತಾಳೆ. ಅವರ ಬಜೆಟ್ಟು ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಕಮಿಟಿಯ ಮುಂದೆ ಬರಲಿದೆ. ಸಭಾಪಾಲಕರಿಗೆ ಮತ್ತು ಸದಸ್ಯರಿಗೆ ನನ್ನ ವಿನಂತಿ: ವಿಮೆಯ ಕೆಳಗೆ ಇನ್ನೊಂದು ಸಾಲು ಸೇರಿಸಿರಿ. ಮೂರು ವರ್ಷಕ್ಕೊಮ್ಮೆ, ಒಬ್ಬ ಅಜ್ಜಿಗೆ, ಹೋಗಿ ಬರುವ ಟಿಕೆಟ್ಟು. ಮೊದಲ ಕಂತಿಗೆ ಐದು ಸಾವಿರ ರೂಪಾಯಿ ನಾನು ಲಕೋಟೆಯಲ್ಲಿ ಹಾಕಿ ಖಜಾಂಚಿಯವರ ಕೈಗೆ ಕೊಟ್ಟಿದ್ದೇನೆ.